ಭಾಲ್ಕಿಯವಳು ನಡೆಸಿದ ರಾಯಭಾರ ಕಚೇರಿ

ಪರದೇಶದಲ್ಲಿ ದೇಶದ ಮಾನ ಕಾಯುವುದು ರಾಯಭಾರಿಯ ಕೆಲಸ. ಆ ರಾಯಭಾರಿಯ ನಲ್ಲಿ, ಬೀಗ, ಎ.ಸಿ., ಅಡುಗೆಯವನ ಸಿಟ್ಟು ಕಾಯುವುದು ನನ್ನಂಥ ಆಡಳಿತಾಧಿಕಾರಿಯ ಕೆಲಸ. ಮಾನ ಹೋಗುವುದು ಹೆಚ್ಚಾಗಿ ನನ್ನ ವಿಭಾಗದಿಂದಲೇ.

ಹಳೇ ಮಾಡೆಲ್

ರಜೆಗೆ ಭಾಲ್ಕಿಗೆ ಬಂದಿದ್ದೆ. ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು: "ನಮ್ಮಾಕಿ ಪರದೇಶದಾಗ ಅಂಬಾಸಡರ್ ನೋಡ್ಕೋತಾಳ."

ಪಕ್ಕದ ಮನೆಯ ಕಾಕಾ ಜೀವನಪೂರ್ತಿ ಗ್ಯಾರೇಜು ನಡೆಸಿದವರು. ಚಹಾ ಕುಡಿಯುತ್ತ ಕಾಳಜಿಯಿಂದ ಕೇಳಿದರು: "ಅಂಬಾಸಡರ್ ಇನ್ನಾ ಓಡ್ತದೇನವ್ವಾ?"

ನಮ್ಮ ರಾಯಭಾರಿ ಸಾಹೇಬರು ಆಗಷ್ಟೇ ಎರಡೂ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಿದ್ದರು. "ಓಡಂಗಿಲ್ಲ ಕಾಕಾ, ಸಾವಕಾಶ ನಡೀತದ. ಮೊನ್ನೆ ಎರಡೂ ಕಡೀದು ಬದ್ಲಿ ಮಾಡ್ಸೀವಿ."

"ಹಳೇ ಮಾಡೆಲ್. ಪಾರ್ಟ್ಸ್ ಸಿಕ್ಕಿದ್ದೇ ನಸೀಬ ಅನ್ನು."

ಬಿದರಿ ಹೂದಾನಿ

ನಾನು ಕೆಲಸಕ್ಕಿರುವ ದೇಶದ ಮಂತ್ರಿಗೆ ಕೊಡಲು ಬೀದರಿನಿಂದ ಬಿದರಿ ಹೂದಾನಿ ತಂದೆ. ಕರಿ ಮೈ, ಮೇಲೆ ಬೆಳ್ಳಿಯ ಬಳ್ಳಿ. ಸಮಾರಂಭದ ದಿನ ಪೆಟ್ಟಿಗೆ ತೆಗೆದರೆ ಒಳಗೆ ಬೋಳು ಬೂದಿಬಣ್ಣದ ಒಂದು ಚೊಂಬು; ಕಪ್ಪು ಹೋಗಿ ಬೆಳ್ಳಿ ಬಳ್ಳಿಯೂ ಕಾಣದು! ಕಸ ಗುಡಿಸುವ ಸ್ಥಳೀಯ ಹೆಂಗಸು ಹೆಮ್ಮೆಯಿಂದ ಕೈ ತೋರಿಸಿದಳು. "ಮೇಡಂ, ಪೂರ್ತಿ ಮಸಿ ಹಿಡಿದಿತ್ತು. ತಿಕ್ಕಿ ತಿಕ್ಕಿ ತೋಳು ಬಿದ್ದುಹೋಯಿತು."

ಬೇರೆ ತರಿಸಲು ಹೊತ್ತಿರಲಿಲ್ಲ. ಸಾಹೇಬರು ನನ್ನನ್ನು ಸುಡುವಂತೆ ನೋಡಿ, ನಗುತ್ತ ಅದನ್ನೇ ಕೊಟ್ಟರು. ಮಂತ್ರಿ ತಿರುಗಿಸಿ ತಿರುಗಿಸಿ ನೋಡಿ ಗದ್ಗದಿತರಾದರು: "ನಿಮ್ಮ ದೇಶದ ಸರಳತೆ ಅಂದರೆ ಇದೇ!"

ಖಾತ್ರಿ

ನಮ್ಮ ಬೀದರ ಜಿಲ್ಲೆಯ ಔರಾದ ಕಡೆಯ ಚಿಂತಾಕಿ ಊರಿನವನೊಬ್ಬ ಅಲ್ಲಿಯ ಬೇಕರಿಯಲ್ಲಿ ಕೆಲಸಕ್ಕಿದ್ದ. ತಂಗಿಯ ಮದುವೆ, ಸಂಜೆಗೆ ವಿಮಾನ, ಪಾಸ್‌ಪೋರ್ಟ್ ಕಳೆದಿದೆ. ಅಳುತ್ತ ಬಂದ. ದಿಲ್ಲಿಯಿಂದ ಹೊಸದಾಗಿ ಬಂದ ಅಧಿಕಾರಿಗೆ ಇವನ ದಖನಿ ಹಿಂದಿ ಕೇಳಿ ಸಂಶಯ. "ಹೌ ಸಾಬ್, ನಕ್ಕೋ ಸಾಬ್ ಅಂತಾನೆ. ಇವನು ನಮ್ಮ ದೇಶದವನೇ ಅಲ್ಲ!" ಕೊನೆಗೆ ನನ್ನನ್ನು ಕರೆಸಿದರು.

"ಯಾವೂರಪ್ಪಾ?" ಅಂದೆ.

ಅವನ ಅಳು ಅಲ್ಲೇ ನಿಂತಿತು. "ಅಕ್ಕಾ, ನೀವು ನಮ್ಮ ಕಡಿಯವರಾ? ಯಾವೂರ್ರಿ? ಭಾಲ್ಕಿದಾಗ ಯಾರ ಪೈಕಿ? ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರಿ? ಬೀದರದಾಗೇ ಇರ್ತಾರಾ? ಮತ್ತ ಅಲ್ಲಿ ಅವರಿಗಿ ರೊಟ್ಟಿ ಯಾರು ಬಡೀತಾರ್ರಿ? ಮಕ್ಕಳೆಷ್ಟು? ಒಂದೇನಾ? ಯಾಕ್ರಿ?"

ಬೆವರು ಒರೆಸಿಕೊಂಡು, ಅವನ ಅರ್ಜಿ ಹಿಡಿದು ಸಾಹೇಬರ ಕೋಣೆಗೆ ಹೋದೆ. "ಸರ್, ನೂರಕ್ಕೆ ನೂರು ಭಾರತೀಯ. ತುರ್ತು ಪ್ರಯಾಣಪತ್ರ ಕೊಡಬಹುದು."

"ಪುರಾವೆ?"

ಅವನು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಸಾಹೇಬರಿಗೆ ನಲವತ್ತು ಸಮೀಪಿಸಿದ ಒಬ್ಬ ಮಗ, ಇನ್ನೂ ಮದುವೆಯಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಆ ಪುಣ್ಯಾತ್ಮನ ತಲೆ ಕಾಣಿಸಿತು. "ನಮಸ್ಕಾರ್ರಿ ಸಾಬ್. ತಮಗ ಮಕ್ಕಳೆಷ್ಟು..."

ನಾನು ಅನುವಾದ ಮಾಡಲು ಬಾಯಿ ತೆರೆಯುವ ಮೊದಲೇ ಸಾಹೇಬರು ಸಹಿ ಮಾಡಿ ಮುಗಿಸಿದ್ದರು.