ಅಗ್ಗದ ಪಿಸ್ತೂಲಿನ ಅನ್ನ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಈಗೀಗ 'ಹೀಗೇ, ಆಫೀಸು ಕೆಲಸ' ಎಂದು ಹೇಳಿ ಮಾತನ್ನು ಹವಾಮಾನದ ಕಡೆ ತಿರುಗಿಸುತ್ತೇನೆ. ದೋಹಾದ ಹವಾಮಾನದ ಬಗ್ಗೆ ಸೆಖೆ ಎಂಬ ಒಂದೇ ಮಾತು ಇರುವುದರಿಂದ ಅದೂ ಬೇಗ ಮುಗಿದುಹೋಗುತ್ತದೆ. ಅವರು ಮತ್ತೆ ಕೇಳುತ್ತಾರೆ. ನಾನು ಬಾಯಿಬಿಡುತ್ತೇನೆ. ಬಿಟ್ಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ, ಕೇಳುವವರಿಗೆ ಸುಸ್ತೂ ಆಗಿಲ್ಲ.

ಕೆಲಸ ಇಷ್ಟೇ. ಅಮೆರಿಕದ ಒಂದು ಕಂಪನಿ ಅಲ್ಲಿನ ಅಂಗಡಿಗಳಿಗೆ ಪಿಸ್ತೂಲು ಸರಬರಾಜು ಮಾಡುತ್ತದೆ. ಅದರ ಕಾಗದಪತ್ರದ ಕೆಲಸವನ್ನು ದೋಹಾದ ನಮ್ಮ ಆಫೀಸು ವಹಿಸಿಕೊಂಡಿದೆ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಕಳಪೆಯಾದ ಅಗ್ಗದ ಪಿಸ್ತೂಲನ್ನು ಮಾರಬಾರದೆಂದು ಕಾನೂನಿದೆ. ಅದೂ ರಾಜ್ಯಕ್ಕೊಂದು ಥರ. ಒಂದು ಕಡೆ ಇಂತಿಷ್ಟು ಶಾಖಕ್ಕೆ ಲೋಹ ಕರಗಿದರೆ ಮಾರುವಂತಿಲ್ಲ. ಇನ್ನೊಂದು ಕಡೆ ಕೈಜಾರಿ ಬಿದ್ದಾಗ ತಾನಾಗಿ ಗುಂಡು ಹಾರಿದರೆ ಮಾರುವಂತಿಲ್ಲ. ಮತ್ತೊಂದು ಕಡೆ ಸರ್ಕಾರ ಒಪ್ಪಿದ ಮಾದರಿ ಬಿಟ್ಟು ಬೇರೆ ಮಾರುವಂತಿಲ್ಲ. ಯಾವ ಪಿಸ್ತೂಲು ಯಾವ ರಾಜ್ಯಕ್ಕೆ ಹೋಗಬಾರದು ಎಂದು ಕಂಪ್ಯೂಟರಿನಲ್ಲಿ ನೋಡಿ ತಡೆಯುವುದು ನನ್ನ ಉದ್ಯೋಗ. ಮೈಸೂರಿನವನಾದ ನಾನು ಒಂದು ನಿಜವಾದ ಪಿಸ್ತೂಲನ್ನು ಇವತ್ತಿನವರೆಗೆ ಮುಟ್ಟಿ ನೋಡಿಲ್ಲ.

ಈ ಸಲ ಮಾತ್ರ ಇದು ಮಿತಿ ಮೀರಿತು. ಹೆಂಡತಿ ತುಂಬಿದ ಬಸುರಿ. ನವರಾತ್ರಿಯ ಆಸುಪಾಸಿನಲ್ಲಿ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆ ಊರಿನಿಂದ ಯಾರಾದರೂ ಬರಲೇಬೇಕು. ಬರದಿದ್ದರೆ ಮಗುವಿಗೆ ನೀರೆರೆಯುವುದು ನನ್ನ ಪಾಲಿಗೆ. ನನ್ನ ಕೈಯಲ್ಲಿ ಕಾಫಿ ಲೋಟವೇ ನೆಟ್ಟಗೆ ನಿಲ್ಲುವುದಿಲ್ಲ ಎಂದು ಹೆಂಡತಿ ಬಲ್ಲಳು. ಅವಳು ಹೆದರಿದ್ದು ಹೆರಿಗೆಗಲ್ಲ, ಇದಕ್ಕೆ.

ಅಮ್ಮನ ಪ್ರಶ್ನೆ

ಮೊದಲು ಅಮ್ಮನಿಗೆ ಫೋನು ಮಾಡಿದೆ. ಅವಳಿಗೆ ಮಂಡಿನೋವು, ವಿಮಾನ ಹತ್ತುವ ಹಾಗಿಲ್ಲ. ಬರಲಾಗದ ಬೇಜಾರು ಮರೆಯುವುದಕ್ಕೆಂದು ನನ್ನ ಕೆಲಸದ ಮಾತು ತೆಗೆದಳು.

"ಅದೇನೋ ನೀನು ಮಾಡೋದು? ಪಕ್ಕದ ಮನೆಯವರು ಕೇಳಿದ್ರೆ ಹೇಳೋಕೇ ಬರಲ್ಲ ಕಣೋ."

"ಅಗ್ಗದ ಪಿಸ್ತೂಲು ಮಾರದ ಹಾಗೆ ನೋಡ್ಕೊಳ್ಳೋದಮ್ಮ."

"ಯಾಕೆ ಮಾರಬಾರದು?"

"ಕಡಿಮೆ ದುಡ್ಡಿಗೆ ಸಿಕ್ಕಿದ್ರೆ ಕಂಡಕಂಡವರು ತಗೊಂಡು ಹೊಡೆದಾಡ್ತಾರೆ. ಮಾಲೂ ಕಳಪೆ, ಹಿಡಿದವನ ಕೈಯಲ್ಲೇ ಸಿಡಿಯುತ್ತೆ."

"ದುಬಾರಿದು ಮಾರಬಹುದಾ?"

"ಅದನ್ನ ಮಾರಬಹುದು."

"ಅಂದ್ರೆ ಸಾಯೋನು ಒಳ್ಳೇ ಮಾಲಿಂದ ಸಾಯಲಿ ಅಂತ. ಅದೂ ಸರಿನೇ ಬಿಡು" ಎಂದಳು.

ಮಾರನೆಯ ದಿನ ಇದನ್ನು ನಮ್ಮ ಮಲಯಾಳಿ ಮ್ಯಾನೇಜರಿಗೆ ನಗುತ್ತ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅಮೆರಿಕದವರ ಜೊತೆ ಮೀಟಿಂಗ್ ಇರುವ ದಿನ ಮನೆಯಿಂದ ಕೆಲಸ ಮಾಡಬೇಡ, ನಿಮ್ಮ ಅಮ್ಮ ಫೋನು ಮಾಡಿದರೆ ಕಷ್ಟ ಎಂದರು.

ಕರಗಿದ ಹಿಡಿ

ನಾವಿರುವುದು ದೋಹಾದ ಹೊರವಲಯದ ಮುಐದರ್‌ನ ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದಾಕ್ಷಣ ಹೊಟ್ಟೆಕಿಚ್ಚು ಪಡಬೇಡಿ, ಒಂದೇ ವಿಲ್ಲಾದಲ್ಲಿ ಗೋಡೆ ಎಬ್ಬಿಸಿ ನಾಲ್ಕು ಸಂಸಾರ ತುಂಬಿದ್ದಾರೆ. ಪಕ್ಕದಲ್ಲಿ ಮಂಗಳೂರು ಕಡೆಯ ಬ್ಯಾರಿ ದಂಪತಿ. ಗಂಡನಿಗೆ ದೋಹಾ ಪೇಟೆಯ ನಜ್ಮಾದಲ್ಲಿ ಸಣ್ಣ ಅಂಗಡಿ. ಆ ಅಕ್ಕ ನನ್ನ ಹೆಂಡತಿಗೆ ದಿನವೂ ಏನಾದರೂ ಮಾಡಿ ತಂದುಕೊಡುತ್ತಿದ್ದರು. ಬಾಣಂತನಕ್ಕೂ ಅವರೇ ಕೈ ಜೋಡಿಸಿಯಾರು ಎಂದು ಆಸೆ ಇತ್ತು. ಆದರೆ ಸರಿಯಾಗಿ ಅದೇ ದಿನಗಳಲ್ಲಿ ಅವರ ತಮ್ಮನ ಮದುವೆ, ಊರಿಗೆ ಹೊರಟಿದ್ದರು.

ಹೊರಡುವ ಮುಂಚೆ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು. "ನಿಮ್ಮದು ಎಂತ ಕೆಲಸ ಅಣ್ಣ? ಪಿಸ್ತೂಲಿನದ್ದಂತೆ?"

ಲೋಹ ಕರಗುವ ಕಾನೂನನ್ನು ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು ಒಳಗೆ ಹೋಗಿ ಒಂದು ಬಾಣಲೆ ಹಿಡಿದು ಬಂದರು. ತಳ ಉಬ್ಬಿತ್ತು. ಪ್ಲಾಸ್ಟಿಕ್ಕಿನ ಹಿಡಿ ಕರಗಿ ಕೆಳಕ್ಕೆ ಜೋತುಬಿದ್ದಿತ್ತು.

"ಇದು ನಮ್ಮವರು ಆಫರಿನಲ್ಲಿ ತಂದದ್ದು. ಒಂದು ಬಂಗುಡೆ ಕಾಯಿಸ್ಲಿಕ್ಕೆ ಇಟ್ಟದ್ದು, ಹಿಡಿ ಹೀಗಾಯ್ತು. ಇದನ್ನು ಯಾವ ರಾಜ್ಯದಲ್ಲಿ ಮಾರ್ಲಿಕ್ಕಿಲ್ಲ?"

"ಅಕ್ಕ, ಆ ಕಾನೂನು ಪಿಸ್ತೂಲಿಗೆ ಮಾತ್ರ."

"ಪಿಸ್ತೂಲು ಎಷ್ಟು ಜನರ ಮನೆಯಲ್ಲಿ ಉಂಟು? ಬಾಣಲೆ ಎಲ್ಲರ ಮನೆಯಲ್ಲಿ ಉಂಟಲ್ಲ?"

ಒಳಗಿನಿಂದ ಗಂಡನ ದನಿ ಬಂತು. "ಬಾಣಲೆ ಒಳ್ಳೇದೇ ಇತ್ತು ಮಾರಾಯ್ರೆ. ಇವಳು ಗ್ಯಾಸ್ ಜೋರು ಇಟ್ಟದ್ದು."

"ಕೇಳಿದ್ರಲ್ಲ?" ಎಂದರು ಅಕ್ಕ. "ಮಾಲಿಗೆ ಕಾನೂನು ಮಾಡಿ ಎಂತ ಪ್ರಯೋಜನ? ತರುವವರಿಗೆ ಮಾಡ್ಬೇಕು."

ಹಂದಿಗೆ ರಜೆ ಇಲ್ಲ

ನಜ್ಮಾದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಫೀಸಿನ ಗೆಳೆಯನೊಬ್ಬ ಫೋನು ಮಾಡಿದ. ಅವನೂ ಕನ್ನಡದವನೇ. ಬಸ್ಸಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂದು ನಾನು ಗಟ್ಟಿಯಾಗಿಯೇ ಮಾತಾಡಿದೆ. "ಕೆಳಗೆ ಬಿದ್ರೆ ಗುಂಡು ಹಾರುತ್ತಾ? ಹಾಗಿದ್ರೆ ಆ ಪಿಸ್ತೂಲು ಬಿಡಬೇಡ, ಹಿಡಿದಿಡು. ನಾಳೆ ಬಂದು ನಾನೇ ನೋಡ್ತೀನಿ."

ಫೋನು ಇಟ್ಟೆ. ಎದುರು ಸೀಟಿನ ಹಿರಿಯರೊಬ್ಬರು ಎದ್ದು ಬಂದು ನನ್ನ ಪಕ್ಕ ಕೂತರು.

"ನಾನು ಕಾರ್ಕಳದ ಹತ್ತಿರದವ" ಎಂದರು. "ನಮ್ಮ ಮನೆಯಲ್ಲಿ ಒಂದು ಕೋವಿ ಉಂಟು. ಲೈಸೆನ್ಸಿನದ್ದು, ಕಾಡುಹಂದಿಗೆ. ಎಲೆಕ್ಷನ್ ಬಂತು ಅಂತ ಸ್ಟೇಷನ್ನಿನಲ್ಲಿ ತಂದಿಡ್ಲಿಕ್ಕೆ ಹೇಳಿದ್ರು. ಇಟ್ಟೆವು. ಎಲೆಕ್ಷನ್ ಮುಗೀತು, ಕೋವಿ ವಾಪಸ್ ಸಿಕ್ಕಲಿಲ್ಲ. ನೀವು ಒಂದು ಮಾತು ಹೇಳ್ಬೇಕು."

"ನಾನು ನೋಡೋದು ಅಮೆರಿಕದ್ದು ಸಾರ್. ಅದೂ ಬರೀ ಪಿಸ್ತೂಲು."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಅಮೆರಿಕದಿಂದ ಹೇಳಿದ್ರೆ ನಮ್ಮವರು ಬೇಗ ಕೇಳ್ತಾರೆ."

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ದೊಡ್ಡ ಕೆಲಸದಲ್ಲಿರುವವರು ಯಾವಾಗಲೂ ಹೀಗೇ, ತಮ್ಮ ಕೈಯಲ್ಲಿ ಏನಿಲ್ಲ ಅನ್ನುತ್ತಾರೆ ಎಂದರು. ಕೊನೆಗೆ ಸೋತು 'ನೋಡೋಣ' ಎಂದೆ. ಅವರ ಸ್ಟಾಪು ಬಂತು. ಇಳಿದವರು ಹೊರಗಿನಿಂದ ಬಸ್ಸಿನ ಗಾಜು ಬಡಿದರು. ನಾನು ಬಗ್ಗಿದೆ.

"ಹಂದಿಗಳಿಗೆ ಎಲೆಕ್ಷನ್ ಇಲ್ಲ ಅಂತ ಅವರಿಗೆ ಹೇಳಿ" ಎಂದರು.

ಹೋಳಿಗೆಯ ಕಾವಲು

ದೋಹಾದಾಚೆಯ ಉಮ್ಮ್ ಸಲಾಲ್‌ನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಗೌರಿ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿದ್ದೆವು. ಮನೆ ಯಜಮಾನರು ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಸುತ್ತ, ಇವರು ಪಿಸ್ತೂಲಿನ ಇಲಾಖೆ ಎಂದರು. ಇಲಾಖೆಯಲ್ಲ ಎಂದು ನಾನು ಹೇಳುವಷ್ಟರಲ್ಲಿ ಊಟದ ಸಾಲಿನ ಶಿಸ್ತನ್ನು ನನಗೆ ವಹಿಸಿ ಆಗಿತ್ತು. ತಲೆಗೆ ಒಂದೇ ಹೋಳಿಗೆ, ಎಲ್ಲರಿಗೂ ಬಂದ ಮೇಲೆ ಎರಡನೆಯದು, ಅದನ್ನು ನಾನು ನೋಡಿಕೊಳ್ಳಬೇಕು.

ದಪ್ಪನೆಯ ಎಂಜಿನಿಯರೊಬ್ಬರು ಮತ್ತೆ ಬಂದು ತಟ್ಟೆ ಚಾಚಿದರು. ಒಂದೇ ಅಂತ ನಿಯಮ ಸಾರ್, ಎಂದೆ. "ನಿಮ್ಮ ಕಾನೂನು ಅಮೆರಿಕದ ರಾಜ್ಯಗಳಿಗೆ ತಾನೇ?" ಎಂದು ತಾವೇ ಎರಡು ತೆಗೆದು ಹಾಕಿಕೊಂಡರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಲ್ಲಿ ನನ್ನ ಹೆಂಡತಿಯ ಕಡೆಯ ದೂರದ ನೆಂಟರೊಬ್ಬರಿದ್ದರು. ಅವತ್ತು ಸಂಜೆಯೇ ಮೈಸೂರಿಗೆ ಸುದ್ದಿ ಹೋಯಿತು. 'ನಿಮ್ಮ ಅಳಿಯ ಪಿಸ್ತೂಲಿನ ವ್ಯವಹಾರದಲ್ಲಿದ್ದಾನೆ, ಜನ ಅವನನ್ನು ಕಂಡು ನಡುಗುತ್ತಾರೆ.' ಮೂರು ಹೋಳಿಗೆ ತಿಂದ ಆ ಎಂಜಿನಿಯರನ್ನು ಕೇಳಿದ್ದರೆ ನಿಜ ತಿಳಿಯುತ್ತಿತ್ತು.

ಅತ್ತೆ ಬಂದರು

ಮಾವನವರು ಫೋನು ಮಾಡಿ, "ಇದೇನಿದು, ಪಿಸ್ತೂಲಂತೆ? ಅಂಥ ಕಡೆಗೆ ನಿಮ್ಮ ಅತ್ತೇನ ಹೇಗೆ ಕಳಿಸೋದು?" ಎಂದರು. ಅಮ್ಮ ಬರುವ ಹಾಗಿಲ್ಲ, ಪಕ್ಕದ ಅಕ್ಕ ಊರಿಗೆ ಹೋಗಿಯಾಗಿದೆ, ಇನ್ನು ಉಳಿದಿದ್ದವರು ಅತ್ತೆ ಒಬ್ಬರೇ. ಅಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡು, "ಅನ್ನ ಕೊಡೋ ಕೆಲಸ ಯಾವುದಾದ್ರೇನು? ನಾನು ಬರ್ತೀನಿ" ಎಂದರು. ಆ ಕ್ಷಣ ನನಗೆ ಅವರ ಮೇಲೆ ಎಷ್ಟು ಗೌರವ ಬಂತೆಂದರೆ, ಕಣ್ಣು ತುಂಬಿತು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ವಿಮಾನ ಇಳಿಯಿತು. ಜನವೆಲ್ಲ ಹೊರಗೆ ಬಂದರು, ಅತ್ತೆ ಬರಲಿಲ್ಲ. ಅಮ್ಮ ಬಂದರಾ ಎಂದು ಹೆಂಡತಿ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಳು. ಕೊನೆಗೆ ಒಬ್ಬ ಸಿಬ್ಬಂದಿ ಬಂದು ನನ್ನ ಹೆಸರು ಕೂಗಿ ಒಳಗೆ ಕರೆದೊಯ್ದ.

ಕಸ್ಟಮ್ಸ್ ಮೇಜಿನ ಮೇಲೆ ಅತ್ತೆಯ ಪೆಟ್ಟಿಗೆ ಬಿಚ್ಚಿಕೊಂಡಿತ್ತು. ಬಾಣಂತಿ ಲೇಹ್ಯ, ಜರಿ ಪಂಚೆ, ಮಗುವಿಗೆ ಹಾಲು ಕುಡಿಸಲು ಬೆಳ್ಳಿ ಒಳಲೆ. ಇವೆಲ್ಲದರ ಮಧ್ಯೆ ಅರಿಸಿನ ಕುಂಕುಮ ಹಚ್ಚಿದ ಒಂದು ಪಿಸ್ತೂಲು. ದೀಪಾವಳಿಯಲ್ಲಿ ಮಕ್ಕಳು ಕೇಪು ಹೊಡೆಯುವಂಥದ್ದು.

"ಏನತ್ತೆ ಇದು?"

"ನಾಳೆ ಆಯುಧಪೂಜೆ ಅಲ್ವಾ? ನಿಮ್ಮ ಮಾವನ ಸ್ಕೂಟರಿಗೆ ವರ್ಷಾ ವರ್ಷಾ ಪೂಜೆ ಮಾಡ್ತೀನಿ. ಮಗು ಬರೋ ಮನೆಯಲ್ಲಿ ನಿಮ್ಮ ಆಯುಧಕ್ಕೆ ಪೂಜೆ ಬೇಡ್ವಾ? ನಿಜವಾದ್ದು ತರಬಾರದು ಅಂತ ನನಗೂ ಗೊತ್ತು. ಕೇಪು ಕೂಡ ತಂದಿಲ್ಲ."

"ಇವರಿಗೆ ಏನಂತ ಹೇಳಿದ್ರಿ?"

"ಇದ್ದದ್ದನ್ನೇ ಹೇಳಿದೆ, ಅಳಿಯಂದಿರದ್ದು ಪಿಸ್ತೂಲಿನ ಕೆಲಸ ಅಂತ. ದಾಮಾದ್ ಕಾ ಕಾಮ್ ಪಿಸ್ತೂಲ್ ಅಂತ."

ನಾನು ಗುರುತಿನ ಚೀಟಿ ತೋರಿಸಿದೆ. ಆಫೀಸು, ಅಮೆರಿಕ, ರಾಜ್ಯಗಳು, ಕಾನೂನು, ಆಯುಧಪೂಜೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಧಿಕಾರಿ ತಾಳ್ಮೆಯ ಮನುಷ್ಯ, ಹಿಂದಿಯೂ ಬರುತ್ತಿತ್ತು. ಎಲ್ಲ ಕೇಳಿ, ಇದು ಮಕ್ಕಳ ಅಗ್ಗದ ಆಟಿಕೆ, ಅಷ್ಟೇ ತಾನೇ ಎಂದು ಅತ್ತೆಯ ಕಡೆ ತಿರುಗಿ ಕೇಳಿದ. "ಸಸ್ತಾ ಹೈ?"

ಅತ್ತೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಸಸ್ತಾ ನಹೀ ಸಾಬ್" ಎಂದರು ಅತ್ತೆ. "ಏಕ್‌ದಮ್ ಅಚ್ಛಾ ಮಾಲ್."

ಅಧಿಕಾರಿಯ ಮುಖ ಬದಲಾಯಿತು. ಪಿಸ್ತೂಲನ್ನು ಎತ್ತಿ ತೂಕ ನೋಡಿದ. ತನ್ನ ಮೇಲಿನವರನ್ನು ಕರೆಯಲು ಫೋನು ಎತ್ತಿಕೊಂಡ.

"ಅತ್ತೆ, ದಮ್ಮಯ್ಯ, ಅಗ್ಗದ್ದು ಅಂತ ಹೇಳಿ."

"ಅಳಿಯಂದಿರಿಗೆ ಅಂತ ತಂದದ್ದನ್ನ ಅಳಿಯಂದಿರ ಎದುರಿಗೇ ಅಗ್ಗದ್ದು ಅನ್ನಲಾ? ನಮ್ಮ ಮನೇಲಿ ಅಂಥದ್ದಿಲ್ಲ. ಅಂಗಡಿಯವನು ಮೊದಲು ಪ್ಲಾಸ್ಟಿಕ್ಕಿಂದು ತೋರಿಸಿದ. ಅದು ಬೇಡ, ಕಬ್ಬಿಣದ್ದು ಕೊಡು ಅಂತ ಹಟ ಮಾಡಿ ತಂದಿದ್ದೀನಿ."

ದಿನಬೆಳಗಾದರೆ ಅಗ್ಗದ ಪಿಸ್ತೂಲುಗಳನ್ನು ತಡೆಯುವ ನಾನು ಇಲ್ಲಿ ಒಂದೇ ಒಂದನ್ನು ಅಗ್ಗದ್ದು ಅನ್ನಿಸಲಾರದೆ ನಿಂತಿದ್ದೆ. ಮೇಲಧಿಕಾರಿ ಬಂದರು. ಅವರೂ ಅದನ್ನೇ ಕೇಳಿದರು. ಅತ್ತೆ ಅದನ್ನೇ ಹೇಳಿದರು, ಈ ಸಲ ಇನ್ನೂ ಜಂಬದಿಂದ. ಇದನ್ನು ಪರೀಕ್ಷೆಗೆ ಕಳಿಸಬೇಕಾಗುತ್ತದೆ, ಅಲ್ಲಿಯವರೆಗೆ ಇವರು ಇಲ್ಲೇ ಕೂತಿರಲಿ ಎಂದು ಅವರು ಹೇಳುವ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು.

ಹೆಂಡತಿಯ ದನಿ ಬದಲಾಗಿತ್ತು. "ರೀ, ನೋವು ಶುರುವಾಗಿದೆ. ಅಮ್ಮ ಎಲ್ಲಿ?"

ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಅವರು ಕೇಳಿಸಿಕೊಂಡರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನನ್ನ ಮುಖ ನೋಡದೆ ಮೇಲಧಿಕಾರಿಗೆ ಹೇಳಿದರು. "ಸಸ್ತಾ ಸಾಬ್. ಬಹುತ್ ಸಸ್ತಾ."

ಮಗಳು ಅವತ್ತು ಸಂಜೆಯೇ ಹುಟ್ಟಿದಳು, ಅತ್ತೆ ಸರಿಯಾದ ಹೊತ್ತಿಗೆ ಪಕ್ಕದಲ್ಲಿದ್ದರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಹೇಳಿದ ಮೇಲೆ ಬೇರೇನೂ ಹೇಳುವ ಮುಖ ನನಗೆ ಉಳಿಯುವುದಿಲ್ಲ.

ಮೇಲಧಿಕಾರಿ ನಿಟ್ಟುಸಿರು ಬಿಟ್ಟು ಪಿಸ್ತೂಲನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡರು. ಉಳಿದದ್ದನ್ನು ತೆಗೆದುಕೊಂಡು ಹೋಗಿ ಎಂದರು. ಅತ್ತೆಗೆ ಈಗ ನಂಬಿಕೆ ಇಲ್ಲ, ಎಲ್ಲಿ ಮತ್ತೆ ತಡೆಯುತ್ತಾರೋ ಎಂಬ ಭಯ. ಒಂದೊಂದನ್ನೇ ಪೆಟ್ಟಿಗೆಗೆ ತುರುಕುತ್ತ, ಕೇಳದಿದ್ದರೂ ಹೇಳುತ್ತ ಹೋದರು. ಜರಿ ಪಂಚೆ ಎತ್ತಿ 'ಸಸ್ತಾ' ಎಂದರು. ಲೇಹ್ಯದ ಡಬ್ಬಿ ಎತ್ತಿ 'ಯೇ ಭೀ ಸಸ್ತಾ' ಎಂದರು. ಬೆಳ್ಳಿ ಒಳಲೆಯೂ ಸಸ್ತಾ ಆಯಿತು. ಮೇಲಧಿಕಾರಿಗೆ ನಗು ತಡೆಯಲಾಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ, "ಔರ್ ಯೇ ದಾಮಾದ್?" ಎಂದರು.

ಅಷ್ಟು ಅವಸರದಲ್ಲೂ ಅತ್ತೆ ಒಂದು ಕ್ಷಣ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಿಗೆ ಬರುತ್ತಿದ್ದ ಹಿಂದಿ ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು.

"ಇವರೊಬ್ಬರು ಮಾತ್ರ ನಮಗೆ ತುಂಬಾ ದುಬಾರಿ ಬಿದ್ರು ಸಾಬ್" ಎಂದು ಹೇಳಿ ಪೆಟ್ಟಿಗೆ ಎಳೆದುಕೊಂಡು ಹೊರಟರು.