ಸ್ನಾನಕ್ಕೆ ಮೊದಲು ಮಾವ

ನಮ್ಮ ತ್ರಾಸಿಯ ಮಾವನಷ್ಟು ಹೊಳೆಯುವ ಮನುಷ್ಯ ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ. ಜ್ಞಾನದ ತೇಜಸ್ಸೆಂದು ಯಾರೂ ತಪ್ಪು ತಿಳಿಯಬಾರದು! ದಿನಾ ಸ್ನಾನಕ್ಕೆ ಮೊದಲು, ಒಂದು ಹನಿ ನೀರಾಗಲಿ ಎಣ್ಣೆಯಾಗಲಿ ಸೋಕಿಸದೆ, ಒರಟು ಬ್ರಷ್ಷಿನಿಂದ ಪಾದದಿಂದ ಎದೆಯ ಕಡೆಗೆ ಒಣ ಮೈ ಉಜ್ಜಿಕೊಳ್ಳುವುದು ಅವರ ವ್ರತ. ಮೊಬೈಲಿನಲ್ಲಿ ಯಾರೋ ವಿದೇಶಿ ಹೆಂಗಸು ಹೀಗೆ ಮಾಡುವುದನ್ನು ಕಂಡು ಮಾವನಿಗೆ ಆಶ್ಚರ್ಯವೇ ಆಗಲಿಲ್ಲವಂತೆ.

"ದೋಣಿ ನೀರಿಗಿಳ್ಸುಕ್ ಮುಂಚೆ ಅಡಿ ಕೆರ್ಸುದಿಲ್ಯಾ? ಮೈ ಅಂದ್ರೆ ಎಂತ, ಬೇರೆಯಾ?"

ಜೀವಮಾನವಿಡೀ ಕಡಲಿಗಿಳಿದವರ ವೇದಾಂತಕ್ಕೆ ಎದುರಾಡುವವರು ಯಾರು?

ವ್ರತ ಶುರುವಾದದ್ದು ಅತ್ತೆಗೆ ಪಾರ್ಶ್ವವಾಯು ಬಡಿದ ಮೇಲೆ. ಅತ್ತೆ ಎದ್ದು ಓಡಾಡಿದರು, ಬೈಗುಳವೂ ಮೊದಲಿನ ಕಸುವಿಗೆ ಬಂತು. ಎಡಗೈಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಒರಟು, ನುಣುಪು ಎಲ್ಲದರಿಂದಲೂ ಉಜ್ಜಿ ಕೈಯನ್ನು ಎಬ್ಬಿಸಿ ಎಂದರು ಡಾಕ್ಟರು. ಬೆರಳಿಂದ ಒತ್ತಿಯೇ ಬಂಗುಡೆ ಮೀನು ತಾಜಾ ಹೌದೋ ಅಲ್ಲವೋ ಹೇಳಿ ಮಾರುತ್ತಿದ್ದ ಅತ್ತೆ, ಆ ಕೈಯನ್ನು ಸೆರಗಿನೊಳಗೆ ಅಡಗಿಸಿಟ್ಟರು. ಯಾರಿಗೂ ಮುಟ್ಟಗೊಡಲಿಲ್ಲ.

"ನಂಗೆ ಬ್ಯಾಡ. ನಾನೆಂತ ದೋಣಿಯಾ?"

ಸರಿ, ಮಾವ ತಮ್ಮನ್ನೇ ಉಜ್ಜಿಕೊಂಡರು. ಸಾಲಿಗ್ರಾಮದ ಮದುವೆಯೊಂದರಲ್ಲಿ ಇದ್ದ ಒಂದೇ ಬಚ್ಚಲಿಗೆ ಹೊಕ್ಕು, ಪಾದದಿಂದ ಉಜ್ಜುತ್ತ ಮೊಣಕಾಲಿನವರೆಗೆ ಬಂದಿದ್ದರು. ಹೊರಗೆ ಬಾಗಿಲು ಬಡಿತ.

"ಹ್ವಾಯ್, ಬೇಗ ಬನ್ನಿ! ಮುಹೂರ್ತ ಮೀರತ್ತ್!"

"ಅವ್ಸರ ಎಂತದಾ? ಮದ್ಮಗ ಬಂದ್ರೂ ಕಾಯ್ಲಿ!"

"ಮದ್ಮಗನೇ ಮಾವ, ನಾನ್!"

ಆ ಮದುವೆ ಹೇಗೋ ನಡೆಯಿತು. ಬ್ರಷ್ಷುಗಳು ಬೆಳೆದವು: ತೆಂಗಿನ ನಾರು, ಒಣ ಹೀರೆ, ಅಂಗಡಿಯ ನಯನಾಜೂಕಿನ ಬ್ರಷ್ಷು. ಪ್ರತಿಯೊಂದನ್ನೂ ಅತ್ತೆಯ ಎದುರೇ ಕೂತು ತಮ್ಮ ಎಡಗೈಗೆ ಉಜ್ಜಿ ತೀರ್ಪು ಕೊಡುವರು. "ಇದ್ ಜೋರಾಯ್ತ್. ಇದ್ ಅಡ್ಡಿಲ್ಲ." ಅತ್ತೆ ಮುಖ ತಿರುಗಿಸುವರು. "ನಿಮ್ಗ್ ಮರ್ಲ್!"

ಎಡಗೈಯೇ ಯಾಕೆ ಎಂದು ನಾನಾದರೂ ಯೋಚಿಸಿದೆನೇ? ಇಲ್ಲ. ನಗುತ್ತಿದ್ದೆ.

ಮೊನ್ನೆ ಹೋದಾಗ, ಮಾವನ ಕೈ ಕೆಂಪಗಾಗಿದ್ದನ್ನು ಅತ್ತೆ ತುಂಬ ಹೊತ್ತು ನೋಡಿದರು. ಆಮೇಲೆ ಸೆರಗಿನೊಳಗಿಂದ ಆ ಕೈಯನ್ನು ಬಲಗೈಯಿಂದ ಎತ್ತಿ ಮಾವನ ತೊಡೆಯ ಮೇಲಿಟ್ಟರು.

"ಅದೆಂತ ಕಾಂಬ, ಉಜ್ಜಿ."

ದೋಣಿಯ ಅಡಿ ಕೆರೆದ ಆ ಮನುಷ್ಯನ ಬ್ರಷ್ಷು ಮುಂಗೈಗೆ ಸೋಕಿಯೂ ಸೋಕದಂತೆ ಹರಿಯಿತು.

"ಗೊತ್ತಾತ್ತಾ?"

"ಇಲ್ಲೆ."

ಮತ್ತೆ ಹರಿಯಿತು. "ಈಗ?"

"ಇಲ್ಲೆ ಅಂದೆ ಅಲ್ದಾ!"

ಮಾವನ ಕೈ ಅಲ್ಲೇ ನಿಂತಿತು. ಅತ್ತೆ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಎದೆ ಬದಿಗೇ ಅಲ್ದಾ ಉಜ್ಜುದ್? ಅರ್ಧಕ್ಕೆ ಎಂತಕ್ಕೆ ನಿಲ್ಸಿದ್ರಿ?"