ಬೀಗ ಮೊದಲೋ ಕಳ್ಳ ಮೊದಲೋ

ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಬೀಗಗಳ ಪ್ರದರ್ಶನ ಶುರುವಾದ ದಿನವೇ ಪಿಸುಮಾತಣ್ಣನ ಗ್ರಹಚಾರವೂ ಶುರುವಾಯಿತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವನು ಬಾಯಿ ಬಿಟ್ಟರೆ ಎದುರಿನವರು ಕಿವಿಯನ್ನು ಮುಂದಕ್ಕೆ ತರಬೇಕಾಗುತ್ತಿದ್ದರಿಂದ ಕಚೇರಿಯವರು ಇಟ್ಟ ಹೆಸರೇ ನಿಂತಿತು. ಬೀಗಗಳ ತುಕ್ಕು ಒರೆಸುವುದು, ಎಣ್ಣೆ ಬಿಡುವುದು, ಗಾಜಿನ ಪೆಟ್ಟಿಗೆಗಳ ಮೇಲಿನ ಬೆರಳಚ್ಚು ಅಳಿಸುವುದು ಅವನ ಕೆಲಸ. ಬೀಗಗಳಿಗೂ ಅವನಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು, ಇಬ್ಬರೂ ಮಾತಾಡುವವರಲ್ಲ.

ಆ ಬೆಳಗ್ಗೆ ಅವನು ನಿರ್ದೇಶಕರ ಕೋಣೆಯಲ್ಲಿ ಕೂತು, ಬಹುಕಾಲದಿಂದ ಜಾಮ್ ಆಗಿದ್ದ ಅವರ ಮೇಜಿನ ಡ್ರಾಯರಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ನಿರ್ದೇಶಕರು ಒಳಬಂದು ಬಾಗಿಲು ಹಾಕಿಕೊಂಡರು. ಸಂಜೆ ಅವರದೇ ಸಾರ್ವಜನಿಕ ಉಪನ್ಯಾಸ. ಹೋದ ವರ್ಷ ಅವರು ಭಾಷಣ ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಕೊನೆಗೆ ಒಬ್ಬ ಎದ್ದು ಶೌಚಾಲಯ ಯಾವ ಕಡೆ ಎಂದು ಕೇಳಿದ್ದ. ಮುಂದಿನ ಸಾಲಿನಲ್ಲಿದ್ದ ಕುಲಸಚಿವರು ಆಗ ನಕ್ಕ ನಗು ನಿರ್ದೇಶಕರ ಎದೆಯಲ್ಲಿ ಇನ್ನೂ ಮುಳ್ಳಿನಂತೆ ಚುಚ್ಚುತ್ತಿತ್ತು. ಅದಕ್ಕೇ ಈ ಸಲ ಪ್ರಶ್ನೆಯನ್ನೂ ಅವರೇ ಬರೆದಿದ್ದರು, ಉತ್ತರವನ್ನೂ ಅವರೇ ಬರೆದಿದ್ದರು. ಕೇಳುವ ಬಾಯಿ ಒಂದು ಬೇಕಿತ್ತು, ಅಷ್ಟೆ.

"ಬೀಗ ಮೊದಲು ಹುಟ್ಟಿತೋ, ಕಳ್ಳ ಮೊದಲು ಹುಟ್ಟಿದನೋ? ಇಷ್ಟೇ. ಎದ್ದು ನಿಂತು ಗಟ್ಟಿಯಾಗಿ ಕೇಳ್ಬೇಕು. ಕೇಳಿದ್ರೆ ನಾಳೆ ಬೆಳಗ್ಗೆನೇ ನಿನ್ನ ಕಾಯಂ ಅರ್ಜಿಗೆ ಸಹಿ," ಎಂದರು.

ಪಿಸುಮಾತಣ್ಣ ಎಣ್ಣೆ ಬುಡ್ಡಿಯನ್ನು ಕೆಳಗಿಟ್ಟ. ಅವನು ವರ್ಷಗಳಿಂದ ಹಂಗಾಮಿ ನೌಕರ. ಗುತ್ತಿಗೆ ಮುಗಿಯುವ ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಯಿತೆಂದೇ ಅವನಿಗೆ ನಿದ್ದೆ ಕೆಡುತ್ತಿತ್ತು. ಕಾಯಂ ಆದವರನ್ನು ಮುಖ್ಯ ಕಚೇರಿಗೆ ಕಳಿಸುವುದು ಅಲ್ಲಿನ ಪದ್ಧತಿ. ಅಲ್ಲಿ ಕುರ್ಚಿ, ಕಿಟಕಿ, ಧೂಳಿಲ್ಲದ ಗಾಳಿ. ಕೆಮ್ಮುತ್ತಾ ಮನೆಗೆ ಬರುವ ಗಂಡನಿಗೆ ಅದೊಂದು ಸಿಕ್ಕರೆ ಸಾಕೆಂದು ಅವನ ಹೆಂಡತಿ ಕಾದು ಕೂತಿದ್ದಳು.

ಮಧ್ಯಾಹ್ನ ಅವನು ಮನೆಗೆ ಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಪ್ರಶ್ನೆ ಕೇಳತೊಡಗಿದ. ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ಅವನ ಮನೆಯಿದ್ದ ಕಟ್ಟಡದ ಗೋಡೆಗಳಿಗಂತೂ ಕಿವಿ ಬಿಟ್ಟರೆ ಬೇರೇನೂ ಇರಲಿಲ್ಲ. ಹೊರಗೆ ಬಂದಾಗ ಮಹಡಿಯ ನಿವೃತ್ತ ಮೇಷ್ಟ್ರು ಅವನ ಕುರ್ಚಿಯಲ್ಲೇ ಕೂತಿದ್ದರು, ಎದುರು ಮನೆಯ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ನಿಂತಿದ್ದ. ಹೆಂಡತಿ ಎಲ್ಲವನ್ನೂ ಹೇಳಿಯಾಗಿತ್ತು.

ಉಸಿರನ್ನು ಹೊಟ್ಟೆಯಿಂದ ಎಳೆದುಕೋ ಎಂದರು ಮೇಷ್ಟ್ರು. ಅವನು ಎಳೆದುಕೊಂಡ, ಕೆಮ್ಮು ಬಂತು. ಎದೆ ಎತ್ತಿ ನಿಲ್ಲು ಎಂದ ದರ್ಜಿ. ನಿಂತ, ಅಂಗಿಯ ಗುಂಡಿ ಹಾರಿತು. ದರ್ಜಿ ಗುಂಡಿ ಹೊಲಿಯುತ್ತಿರುವಾಗ ಮೇಷ್ಟ್ರು ಅವನಿಂದ ಪ್ರಶ್ನೆಯನ್ನು ಮಗ್ಗಿಯಂತೆ ಹೇಳಿಸಿದರು. ಪ್ರತಿ ಸಲವೂ ಅವನ ದನಿ ಇನ್ನಷ್ಟು ಒಳಗೆ ಹೋಯಿತು. ಹೆಂಡತಿ ದರ್ಜಿಯನ್ನು ಬಾಗಿಲ ಬಳಿ ಕರೆದು, "ಅಣ್ಣ, ಇವರ ಬಾಯಿ ಕಟ್ಟಿಹೋದ್ರೆ ನೀವೇ ಕೇಳ್ಬಿಡಿ," ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರ ಬಳಿ ಅದನ್ನೇ ಅವಳು ಆಗಲೇ ಹೇಳಿದ್ದಳು. ಎರಡು ಕಡೆ ಹೇಳಿಟ್ಟರೆ ಒಳ್ಳೆಯದಲ್ಲವೇ ಎಂಬ ಮುಂದಾಲೋಚನೆ ಅವಳದು.

ಸಂಜೆ ಸಭಾಂಗಣ ತುಂಬಿತ್ತು. ಕುಲಸಚಿವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಿರ್ದೇಶಕರು ಮರದ ಬೀಗ, ಕಂಚಿನ ಬೀಗ, ಅಂಕಿಗಳ ಬೀಗ ಎಂದು ಏನೇನೋ ಹೇಳಿದರು. ಪಿಸುಮಾತಣ್ಣನಿಗೆ ಒಂದೂ ತಲೆಗೆ ಹೋಗಲಿಲ್ಲ, ಒಳಗೊಳಗೇ ತನ್ನ ಪ್ರಶ್ನೆಯನ್ನು ಹೇಳಿಕೊಳ್ಳುತ್ತಿದ್ದ. ಕೊನೆಗೆ ಬಂದೇ ಬಂತು: "ಪ್ರಶ್ನೆಗಳಿದ್ದರೆ ಕೇಳಬಹುದು."

ಅವನು ಎದ್ದ. ಬಾಯಿ ತೆರೆದ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಇಡೀ ಸಭೆ ಅವನತ್ತ ತಿರುಗಿತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಿಂದಿನ ಬೆಂಚಿನವರಿಗೂ ಕೇಳುವಂತೆ ಪ್ರಶ್ನೆ ಹಾಕಿಯೇಬಿಟ್ಟರು. ನಿರ್ದೇಶಕರ ಮುಖ ಅರಳಿತು. "ಎರಡೂ ಅಲ್ಲ ಸ್ವಾಮಿ. ಮೊದಲು ಹುಟ್ಟಿದ್ದು ಪಕ್ಕದ ಮನೆ," ಎಂದರು. ಸಭೆ ಘೊಳ್ಳೆಂದು ನಕ್ಕಿತು. ಕುಲಸಚಿವರೂ ನಕ್ಕರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗಿರಾಕಿಯ ಕಾಟದಿಂದ ತಡವಾಗಿದ್ದ ದರ್ಜಿ ಆಗತಾನೇ ಬಾಗಿಲಲ್ಲಿ ಕಾಣಿಸಿಕೊಂಡ. ಪಿಸುಮಾತಣ್ಣ ಇನ್ನೂ ಬಾಯಿ ತೆರೆದು ನಿಂತೇ ಇರುವುದನ್ನು ಕಂಡು ಅವನ ಕರುಳು ಚುರ್ರೆಂದಿತು. ಅಲ್ಲಿಂದಲೇ, "ಸಾರ್, ಬೀಗ ಮೊದಲು ಹುಟ್ಟಿತೋ, ಕಳ್ಳ ಮೊದಲು ಹುಟ್ಟಿದನೋ?" ಎಂದ.

ಸಭೆ ಬಾಗಿಲತ್ತ ತಿರುಗಿ ನೋಡಿತು. ನಿರ್ದೇಶಕರು ಪಕ್ಕದ ಮನೆಯನ್ನು ಇನ್ನೊಮ್ಮೆ ಹುಟ್ಟಿಸಲು ನೋಡಿದರು, ಯಾರೂ ನಗಲಿಲ್ಲ. ಕುಲಸಚಿವರ ತುಟಿಯ ಮೇಲೆ ಹೋದ ವರ್ಷದ ನಗು ಮೂಡತೊಡಗಿತು. ಅದನ್ನು ಕಂಡ ನಿರ್ದೇಶಕರು ಪಿಸುಮಾತಣ್ಣನನ್ನು ಕೆಕ್ಕರಿಸಿ ನೋಡಿ, "ನಿಂತಿರೋರು ಏನೋ ಕೇಳ್ಬೇಕು ಅಂತಿದ್ರು," ಎಂದರು.

ಅರ್ಜಿ, ಕಿಟಕಿ, ಕುರ್ಚಿ ಎಲ್ಲವೂ ಕಣ್ಣೆದುರೇ ಕೊಚ್ಚಿಹೋಗುತ್ತಿತ್ತು. ಅಳು ಒತ್ತಿಬಂತು. ಆ ಅಳುವೇ ಗಂಟಲನ್ನು ತೆರೆಯಿತೋ ಏನೋ, ಜನ್ಮದಲ್ಲೇ ಮೊದಲ ಸಲ ಅವನ ದನಿ ಗೋಡೆಗೆ ಬಡಿದು ವಾಪಸ್ ಬಂತು: "ಸಾರ್, ನನ್ನ ಪ್ರಶ್ನೇನ ಅಕ್ಕಪಕ್ಕದ ಮನೆಯವರು ಕದ್ಬಿಟ್ರು."

ಸಭೆ ಬಿದ್ದೂ ಬಿದ್ದೂ ನಕ್ಕಿತು. ನಿರ್ದೇಶಕರು ಸಿಕ್ಕ ಹಗ್ಗವನ್ನು ಬಿಡಲಿಲ್ಲ. "ಬೀಗ ಹಾಕಿಡ್ಬೇಕಿತ್ತಪ್ಪ," ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಮೂವರಿಗೂ ಮೊದಲೇ ಪಾಠ ಹೇಳಿಕೊಟ್ಟು ಆಡಿಸಿದ ಪ್ರಹಸನವೆಂದೇ ಎಲ್ಲರೂ ತಿಳಿದರು. ಕುಲಸಚಿವರು ಎದ್ದು ಬಂದು ಕೈಕುಲುಕಿ, ಇನ್ನು ಮೇಲೆ ತಿಂಗಳಿಗೊಂದು ಉಪನ್ಯಾಸ ನಡೆಯಲಿ ಎಂದು ಅಲ್ಲೇ ಅಪ್ಪಣೆ ಮಾಡಿದರು.

ಮರುದಿನ ಬೆಳಗ್ಗೆ ಪಿಸುಮಾತಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿರ್ದೇಶಕರ ಮುಂದೆ ನಿಂತ. ಅವರು ಅರ್ಜಿಯನ್ನು ಎತ್ತಿಕೊಂಡರು, ಪೆನ್ನಿನ ಮುಚ್ಚಳ ತೆಗೆದರು, ಅವನ ಮುಖವನ್ನೇ ಪ್ರೀತಿಯಿಂದ ನೋಡಿದರು. ಮತ್ತೆ ಮುಚ್ಚಳ ಹಾಕಿದರು.

"ನೀನು ಕಾಯಂ ಆದ್ರೆ ಮುಖ್ಯ ಕಚೇರಿಗೆ ಹೋಗ್ಬಿಡ್ತೀಯ," ಎಂದರು. "ತಿಂಗಳ್ ತಿಂಗಳೂ ನನಗೆ ಪ್ರಶ್ನೆ ಕೇಳೋರು ಯಾರು?"

ಅರ್ಜಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಹಿಂದಿನ ದಿನ ಅವನೇ ಎಣ್ಣೆ ಬಿಟ್ಟಿದ್ದ ಬೀಗ. ಸದ್ದೇ ಇಲ್ಲದೆ ಬಿತ್ತು.